ನಿತ್ಯಬಳಕೆಯ ವಸ್ತುಗಳು ಮತ್ತು ಪ್ರಾದೇಶಿಕ ಜಾನಪದ ವಸ್ತುಸಂಗ್ರಹಾಲಯ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರ

ಜನಸಾಮಾನ್ಯರು ಬಳಸಿ ಸವೆಸಿದ ವಸ್ತುಗಳ ಮೂಲಕ ಒಂದು ಪ್ರದೇಶದ ಬದುಕನ್ನು ಅರಿಯುವ ಪ್ರಯತ್ನಗಳಲ್ಲಿ ಜಪಾನಿನ ಅನುಭವ ಗಮನಾರ್ಹವಾದುದು. ಯಾನಗಿ ಸೋಯೆತ್ಸು ಅವರು 1936ರಲ್ಲಿ ಟೋಕಿಯೋದಲ್ಲಿ ತೆರೆದ ಸಂಗ್ರಹಾಲಯವು ಜನಪದ ವಸ್ತುವಿನ ಚೆಲುವಿಗೆ ಪ್ರಾಧಾನ್ಯ ನೀಡಿತು. ಶಿಬುಸಾವಾ ಕೇಯಿಜೋ ಅವರು ಮನೆಯ ಅಟ್ಟದಲ್ಲಿ 1921ರಲ್ಲಿ ಆರಂಭಿಸಿದ ಸಂಗ್ರಹವಾದರೋ ಮುಂದೆ ರೈತರ, ಬೆಸ್ತರ ಉಪಕರಣಗಳ ಶಾಸ್ತ್ರೀಯ ಅಧ್ಯಯನಕ್ಕೆ ತಳಹದಿಯಾಯಿತು. ಆ ವಸ್ತುಗಳು ಇಂದು ಒಸಾಕಾದ ರಾಷ್ಟ್ರೀಯ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿವೆ.

ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಹಾಗೂ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಈ ಕ್ಷೇತ್ರದ ಪ್ರಮುಖ ಸಾಧನೆಗಳು. ಆದರೆ ವಸ್ತುವಿನ ಹೆಸರು, ಅಳತೆ, ಬಳಕೆಗಳು ಊರಿಂದೂರಿಗೆ ಬದಲಾಗುವುದರಿಂದ ರಾಯಚೂರು ಸೀಮೆಯ ಸಂಗ್ರಹಕಾರ್ಯ ಅಲ್ಲಿಯೇ ನಡೆಯುವುದು ಅವಶ್ಯ.

ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ಬಂಡೆಯ ಮೇಲಿದ್ದುದರಿಂದ ಉಳಿಯಿತು. ಮರ, ಬಿದಿರು, ಮಣ್ಣುಗಳಿಂದಾದ ಒಕ್ಕಲುತನದ ಸಾಮಗ್ರಿಗೆ ಆ ಬಾಳಿಕೆಯಿಲ್ಲ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿದ ತರುವಾಯ ಸಿಂಧನೂರು ಭಾಗದ ಎರೆಹೊಲಗಳು ಕ್ರಮೇಣ ಭತ್ತದ ಗದ್ದೆಗಳಾದವು. ಜೋಳ, ಸಜ್ಜೆ ಬಿತ್ತುವ ಕೂರಿಗೆಗೆ ನಾಟಿಯ ಗದ್ದೆಯಲ್ಲಿ ಕೆಲಸವಿಲ್ಲ. ಭತ್ತ ಕೊಯ್ಲಾದೊಡನೆ ಗಿರಣಿಗೆ ಸಾಗುವುದರಿಂದ ಜೋಳವನ್ನು ನೆಲದೊಳಗೆ ಕಾಪಿಡುತ್ತಿದ್ದ ಹಗೇವು ಅನಗತ್ಯವೆನಿಸಿತು. ಲಿಂಗಸುಗೂರು, ಮಸ್ಕಿ ಭಾಗಗಳಲ್ಲಿ ಕಾಲುವೆ ತಲುಪದ ಹಳ್ಳಿಗಳು ಹೋಲಿಕೆಗೆ ಈಗಲೂ ಅವಕಾಶ ನೀಡುತ್ತವೆ.

ಹಗೇವನ್ನು ಕಿತ್ತು ತಂದು ಪ್ರದರ್ಶಿಸಲಾಗದು. ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೊರಹೋದ ಮೇಲೆಯೇ ಇಳಿಯಬೇಕೆಂಬ ಅರಿವು ಅದನ್ನು ಬಳಸಿದವರ ನೆನಪಿನಲ್ಲಿದೆ. ಕೂರಿಗೆಯನ್ನು ತರಬಹುದು, ಬಟ್ಟಲಿನಿಂದ ಕೊಳವೆಗಳಿಗೆ ಕಾಳು ಸಮನಾಗಿ ಇಳಿಯುವಂತೆ ಬಿಡುವ ಕೈಯ ಹದವನ್ನು ತರಲಾಗದು. ಆದ್ದರಿಂದ ವಸ್ತುವಿನೊಂದಿಗೆ ಬಳಕೆದಾರರ ವಿವರಣೆ, ಬಿಡಿಭಾಗಗಳ ಸ್ಥಳೀಯ ಹೆಸರು, ರೇಖಾಚಿತ್ರ, ಧ್ವನಿಮುದ್ರಣಗಳೂ ಸಂಗ್ರಹವಾಗಬೇಕು.

ಸಿಂಧನೂರು ತಾಲ್ಲೂಕಿನಲ್ಲಿ ನೆಲೆಸಿದ ಪೂರ್ವ ಬಂಗಾಳದ ನಿರಾಶ್ರಿತರ ಮತ್ತು ಆಂಧ್ರದಿಂದ ಬಂದ ಕೃಷಿಕರ ಕ್ಯಾಂಪುಗಳ ಗೃಹವಸ್ತುಗಳಿಗೂ ಇಂಥ ಸಂಗ್ರಹದಲ್ಲಿ ಸ್ಥಾನ ಸಲ್ಲಬೇಕು. ಅವೂ ಈ ನೆಲದ ಬದುಕಿನ ಭಾಗಗಳೇ. ಹಳೆಯ ವಸ್ತುಗಳು ಅಟ್ಟ, ಹಿತ್ತಿಲುಗಳಲ್ಲಿ ಇನ್ನೂ ಕೆಲಕಾಲ ಉಳಿದಾವು. ಅವುಗಳ ಭಾಗಭಾಗದ ಹೆಸರು ಹೇಳಬಲ್ಲ ಹಿರಿಯರು ಅಷ್ಟು ಕಾಲ ಇರಲಾರರು. ಕ್ಷೇತ್ರಕಾರ್ಯ ಅವರಿಂದಲೇ ಮೊದಲಾಗುವುದು ಯುಕ್ತ.