ಎನ್‌ಜಿಸಿ 40: ಜಲಜನಕ ಕಳೆದುಕೊಂಡ ನಕ್ಷತ್ರ

ಸೂರ್ಯನಷ್ಟೋ ಅದರ ಕೆಲವು ಪಟ್ಟೋ ದ್ರವ್ಯರಾಶಿಯುಳ್ಳ ನಕ್ಷತ್ರವು ಒಡಲಿನ ಇಂಧನ ತೀರುತ್ತ ಬಂದಂತೆ ಉಬ್ಬಿ ಕೆಂಪು ದೈತ್ಯವಾಗಿ, ಹೊರಪದರಗಳನ್ನು ಬಾಹ್ಯಾಕಾಶಕ್ಕೆ ಚೆಲ್ಲಿ, ಕೊನೆಗೆ ಕಾದ ತಿರುಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಆ ತಿರುಳಿನಿಂದ ಹೊಮ್ಮುವ ನೇರಳಾತೀತ ಕಿರಣಗಳು ಚೆಲ್ಲಿದ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು, ಅಂದರೆ ಅನಿಲವನ್ನು ಅಯಾನೀಕರಿಸಿ, ಅದು ಬೆಳಗುವಂತೆ ಮಾಡಿದಾಗ ಕಾಣುವುದೇ ಗ್ರಹೀಯ ನೀಹಾರಿಕೆ. ಹೆಸರಿನಲ್ಲಿ ಗ್ರಹವಿದ್ದರೂ ಗ್ರಹಗಳಿಗೂ ಇದಕ್ಕೂ ಸಂಬಂಧವಿಲ್ಲ.

ವಿಲಿಯಂ ಹರ್ಷೆಲ್ 1788ರಲ್ಲಿ ಸೀಫಿಯಸ್ ನಕ್ಷತ್ರಪುಂಜದಲ್ಲಿ ಗುರುತಿಸಿದ ಎನ್‌ಜಿಸಿ 40 ಇಂಥ ನೀಹಾರಿಕೆಗಳಲ್ಲೊಂದು. ಧ್ರುವ ನಕ್ಷತ್ರದಿಂದ ಹೆಚ್ಚು ದೂರವಿಲ್ಲದ ಕಾರಣ ಕರ್ನಾಟಕದಿಂದ ನೋಡುವವರಿಗೆ ಇದು ಉತ್ತರ ದಿಗಂತದಿಂದ ಸುಮಾರು 36 ಡಿಗ್ರಿಗಿಂತ ಮೇಲೇರುವುದೇ ಇಲ್ಲ. ನವೆಂಬರ್ ತಿಂಗಳ ರಾತ್ರಿಯ ಮೊದಲ ಜಾವವೇ ಇದಕ್ಕೆ ತಕ್ಕ ವೇಳೆ. ಕತ್ತಲೆ ಚೆನ್ನಾಗಿರುವ ಕಡೆ ಆರು ಅಂಗುಲದ ದೂರದರ್ಶಕಕ್ಕೂ ಇದು ಗುರುಗ್ರಹದ ಬಿಂಬದಷ್ಟೇ ಅಗಲದ ಮಸುಕು ತಟ್ಟೆಯಾಗಿ ಕಾಣುತ್ತದೆ, ಅದರ ನಡುವೆ ಕೇಂದ್ರ ನಕ್ಷತ್ರವೂ ಸ್ಪಷ್ಟವಾಗಿ ಮಿನುಗುತ್ತದೆ. ಆದರೆ ಇತರ ಗ್ರಹೀಯ ನೀಹಾರಿಕೆಗಳನ್ನು ಎದ್ದು ತೋರಿಸುವ ಆಮ್ಲಜನಕ ಫಿಲ್ಟರ್, ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಹಸಿರು ಬೆಳಕನ್ನಷ್ಟೇ ಒಳಬಿಡುವ ಗಾಜು, ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ವೀಕ್ಷಕನಿಗೆ ಬೇಸರ ತರಿಸುವ ಈ ಸಂಗತಿಯಲ್ಲಿಯೇ ನೀಹಾರಿಕೆಯ ಒಗಟು ಅಡಗಿದೆ.

ಆಮ್ಲಜನಕವನ್ನು ಹೀಗೆ ಅಯಾನೀಕರಿಸಲು ಬಲವಾದ ನೇರಳಾತೀತ ಕಿರಣಗಳು ಬೇಕು. ಆ ಬೆಳಕು ಕ್ಷೀಣವಾಗಿದ್ದರೆ ನಕ್ಷತ್ರ ಅಷ್ಟೇನೂ ಬಿಸಿಯಿಲ್ಲವೆಂದು ತಿಳಿಯಬೇಕಾಗುತ್ತದೆ. ಈ ಲೆಕ್ಕದಲ್ಲಿ ಕೇಂದ್ರ ನಕ್ಷತ್ರದ ತಾಪ 50 ಸಾವಿರ ಕೆಲ್ವಿನ್‌ಗೂ ಕಡಿಮೆ. ಆದರೆ ನಕ್ಷತ್ರದ ರೋಹಿತವನ್ನೇ, ಅಂದರೆ ಬಣ್ಣಗಳಾಗಿ ಬಿಡಿಸಿದ ಅದರ ಬೆಳಕನ್ನೇ, ವಿಶ್ಲೇಷಿಸಿದಾಗ ತಾಪ 70ರಿಂದ 90 ಸಾವಿರದವರೆಗೂ ಬರುತ್ತದೆ. ಆ ರೋಹಿತವೂ ಸಾಮಾನ್ಯವಾದುದಲ್ಲ: ಜಲಜನಕದ ಗುರುತು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಹೀಲಿಯಂ ಮತ್ತು ಇಂಗಾಲದ ಅಗಲವಾದ ಉಜ್ವಲ ರೇಖೆಗಳು, ನಕ್ಷತ್ರದ ಮೇಲ್ಮೈಯಿಂದ ಸೆಕೆಂಡಿಗೆ ಸುಮಾರು ಸಾವಿರ ಕಿಲೋಮೀಟರ್ ವೇಗದಲ್ಲಿ ಅನಿಲ ಹೊರನುಗ್ಗುತ್ತಿರುವುದನ್ನು ಸಾರುತ್ತವೆ. ಚಾರ್ಲ್ಸ್ ವೂಲ್ಫ್ ಮತ್ತು ಜಾರ್ಜ್ ರಾಯೆ 1867ರಲ್ಲಿ ಪ್ಯಾರಿಸ್‌ನಲ್ಲಿ ಗುರುತಿಸಿದ ಭಾರೀ ದ್ರವ್ಯರಾಶಿಯ ನಕ್ಷತ್ರಗಳ ಲಕ್ಷಣವಿದು. ಸೂರ್ಯನಿಗಿಂತಲೂ ಹಗುರವಾದ ಈ ಮುದಿ ತಿರುಳು ಅದೇ ವೇಷ ತೊಟ್ಟಿದೆ. ಎರಡು ತಾಪಗಳ ವಿರೋಧಕ್ಕೆ ಬಿಯಾಂಕಿ ಮತ್ತು ಗ್ರೇವಿಂಗ್ 1987ರಲ್ಲಿ ಕೊಟ್ಟ ವಿವರಣೆ ಸೊಗಸಾಗಿದೆ: ಹೊರಹರಿಯುವ ಅನಿಲದಲ್ಲಿನ ಇಂಗಾಲವೇ ಪರದೆಯಂತೆ ಪ್ರಬಲ ಕಿರಣಗಳನ್ನು ತಡೆದು ಹೀರಿಕೊಳ್ಳುವುದರಿಂದ ನೀಹಾರಿಕೆಗೆ ನಕ್ಷತ್ರದ ನಿಜವಾದ ಬಿಸಿ ತಲುಪುವುದೇ ಇಲ್ಲ.

ಜಲಜನಕ ಹೋದದ್ದೆಲ್ಲಿಗೆ ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ತಣ್ಣಗಾಗಬೇಕಿದ್ದ ತಿರುಳಿನ ಹೀಲಿಯಂ ಪದರ ಕೊನೆಯದಾಗಿ ಒಮ್ಮೆ ಭುಗಿಲೆದ್ದರೆ ಉಳಿದಷ್ಟು ಜಲಜನಕವೂ ಒಳಗೆಳೆಯಲ್ಪಟ್ಟು ಉರಿದುಹೋಗಿ, ಒಳಗಿನ ಇಂಗಾಲ ಮೇಲಕ್ಕೆ ಬರುತ್ತದೆ ಎಂಬುದು ಪ್ರಬಲವಾದ ವಾದ; 1996ರಲ್ಲಿ ಜಪಾನಿನ ಹವ್ಯಾಸಿ ವೀಕ್ಷಕ ಯುಕಿಯೊ ಸಕುರಾಯ್ ಕಂಡುಹಿಡಿದ ನಕ್ಷತ್ರದಲ್ಲಿ ಇಂಥ ಘಟನೆ ಕಣ್ಣೆದುರೇ ನಡೆಯಿತು. ಎನ್‌ಜಿಸಿ 40ರ ವಿಷಯದಲ್ಲಿ ಮಾತ್ರ ಹಾಗೆಂದು ಖಚಿತವಾಗಿ ಹೇಳಲು ಬರುವುದಿಲ್ಲ. ನಕ್ಷತ್ರದಲ್ಲಿ ಕಾಣದ ಜಲಜನಕ ಸುತ್ತಲ ನೀಹಾರಿಕೆಯಲ್ಲಿ ಧಾರಾಳವಾಗಿದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು, 2015ರಲ್ಲಿ ಕಕ್ಷೆ ಸೇರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕದಿಂದ ಇದನ್ನು ಪರಿಶೀಲಿಸಿ, ಬೆಳಗುವ ನೀಹಾರಿಕೆಯ ಆಚೆಗೂ ಹಬ್ಬಿದ ಪ್ರಭಾವಲಯವೊಂದನ್ನು 2018ರಲ್ಲಿ ವರದಿ ಮಾಡಿದರು. ಅವರ ನಿರ್ಣಯದಂತೆ ಅದು ನಕ್ಷತ್ರದ ನೇರಳಾತೀತ ಬೆಳಕನ್ನು ಹೀರಿ ಮತ್ತೆ ಸೂಸುವ ತಣ್ಣನೆಯ ಜಲಜನಕ ಅಣುಗಳ ಹೊಳಪು.