ಕೊನೆಯ ದಿನವೂ ಮೊದಲನೆಯ ವಾಕ್ಯವೂ

ವಿದ್ಯಾರ್ಥಿಗಳಿಗೆ ಪರೀಕ್ಷೆಯ ಭೀತಿಯೊಂದೇ ಇದ್ದ ಕಾಲ ಹಿಂದಾಯಿತು. ಸೆಮಿಸ್ಟರ್ ಪದ್ಧತಿ ನೆಲೆಗೊಂಡ ಮೇಲೆ ಆ ಭೀತಿಗೆ ಒಬ್ಬ ತಮ್ಮ ಹುಟ್ಟಿಕೊಂಡಿದ್ದಾನೆ. ‘ನಿಯೋಜಿತ ಕಾರ್ಯ’ವೆಂದು ಅವನಿಗೆ ಕನ್ನಡದಲ್ಲಿ ನಾಮಕರಣವಾಗಿರುವುದುಂಟು; ಆದರೆ ಮನೆಯಲ್ಲಿಯೂ ಬೀದಿಯಲ್ಲಿಯೂ ಎಲ್ಲರೂ ಅವನನ್ನು ಕರೆಯುವುದು ಅಸೈನ್‌ಮೆಂಟ್ ಎಂದೇ. ಅಣ್ಣನಾದರೋ ವರ್ಷಕ್ಕೆರಡು ಸಲ ಬಂದು ಹೋಗುವನು. ತಮ್ಮನು ಒಂದೊಂದು ವಿಷಯದ ಹೆಸರಿನಲ್ಲಿಯೂ ಬೇರೆ ಬೇರೆಯಾಗಿ ಬಂದು ಬಾಗಿಲು ತಟ್ಟುತ್ತಾನೆ. ಹದಿಮೂರು ದಿನ ತಟ್ಟಿದರೂ ತೆರೆಯದ ಬಾಗಿಲು ಹದಿನಾಲ್ಕನೆಯ ರಾತ್ರಿ ಒಮ್ಮೆಲೇ ತೆರೆಯುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡುವ ಸಂಭ್ರಮ ಅಂದು ವಿದ್ಯಾರ್ಥಿನಿಲಯದ ಕೋಣೆಕೋಣೆಯಲ್ಲಿ!

ಆ ರಾತ್ರಿಯ ಫಲ ಎಂಥದೆಂಬುದನ್ನು ಅಧ್ಯಾಪಕರು ಬಲ್ಲರು. ಗ್ರಂಥಸಂಪಾದನೆಯ ಶಾಸ್ತ್ರದಲ್ಲಿ ಒಂದು ತತ್ತ್ವವುಂಟು. ಎರಡು ಓಲೆಗರಿಯ ಪ್ರತಿಗಳಲ್ಲಿ ಒಂದೇ ವಿಧದ ಸ್ಖಾಲಿತ್ಯಗಳು ಮತ್ತೆ ಮತ್ತೆ ಕಂಡುಬಂದರೆ ಅವೆರಡೂ ಒಂದೇ ಮೂಲದಿಂದ ಇಳಿದು ಬಂದವೆಂದು ಊಹಿಸಬಹುದು. ನಲವತ್ತು ಅಸೈನ್‌ಮೆಂಟುಗಳನ್ನು ಮುಂದಿಟ್ಟುಕೊಂಡು ಕುಳಿತ ಅಧ್ಯಾಪಕನಿಗೆ ಈ ಶಾಸ್ತ್ರ ಬಹಳ ಉಪಯುಕ್ತ. ಒಬ್ಬನು ‘ವಚನಕಾರರು’ ಎಂಬುದನ್ನು ‘ವಾಚನಕಾರರು’ ಎಂದು ಬರೆದಿದ್ದರೆ ಆ ವಂಶದ ಹನ್ನೆರಡು ಮಂದಿಯೂ ಹಾಗೆಯೇ ಬರೆದಿರುತ್ತಾರೆ. ಈಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದ ಮೇಲೆ ಕಾಗುಣಿತದ ತಪ್ಪುಗಳೇನೋ ಕಡಿಮೆಯಾಗಿವೆ. ಆದರೆ ಬರೆದವನಾರು ಎಂಬ ಪ್ರಶ್ನೆ ಇನ್ನೂ ಜಟಿಲವಾಗಿದೆ.

ಇದಕ್ಕೆಲ್ಲ ಸೋಮಾರಿತನವೇ ಕಾರಣವೆಂದು ಹಿರಿಯರು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತಾರೆ. ವಿಷಯ ಅಷ್ಟು ಸರಳವಾಗಿಲ್ಲ. ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಪದವಿಯ ಪ್ರೌಢಪ್ರಬಂಧವನ್ನು ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಅವರು, ‘ನಿಮಗೆ ಇನ್ನೆಷ್ಟು ದಿನ ಬೇಕು?’ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ‘ಎಲ್ಲವೂ ಕೆಟ್ಟು ಹೋದರೆ ಎಷ್ಟು ಬೇಕಾದೀತು?’ ಎಂಬುದಕ್ಕೆ ಸುಮಾರು 49 ದಿನ ಎಂಬ ಉತ್ತರ ಬಂತು. ನಿಜವಾಗಿ ಹಿಡಿದುದು 55 ದಿನಗಳಿಗೂ ಹೆಚ್ಚು! ಅಂದರೆ ಕೆಟ್ಟ ಕಾಲವನ್ನು ಎಣಿಸಿಕೊಂಡು ಹೇಳಿದ ಲೆಕ್ಕವೂ ಸಾಲದೆ ಹೋಯಿತು. ಅವರು ಸೋಮಾರಿಗಳೆಂದಲ್ಲ, ತಮ್ಮ ಕೆಲಸದ ಅಳತೆಯನ್ನು ತಾವೇ ಅರಿಯದಿರುವುದು ಮನುಷ್ಯರ ಸ್ವಭಾವ. ಮದುವೆಯ ಖರ್ಚಿನ ಅಂದಾಜೂ ಮನೆ ಕಟ್ಟುವವರ ಅಂದಾಜೂ ಹೀಗೆಯೇ ಅಲ್ಲವೆ?

ಇಲ್ಲಿ ಆದಿಕವಿ ಪಂಪನ ನೆನಪಾಗುತ್ತದೆ. ‘ಆದಿಪುರಾಣ’ವನ್ನು ಮೂರು ತಿಂಗಳಲ್ಲಿಯೂ ‘ವಿಕ್ರಮಾರ್ಜುನ ವಿಜಯ’ವನ್ನು ಆರು ತಿಂಗಳಲ್ಲಿಯೂ ಮುಗಿಸಿದೆನೆಂದು ಅವನೇ ಹೇಳಿಕೊಂಡಿದ್ದಾನೆ. ಇದನ್ನು ಕೇಳಿದ ವಿದ್ಯಾರ್ಥಿ, ‘ಮಹಾಕಾವ್ಯಕ್ಕೇ ಮೂರು ತಿಂಗಳಾದರೆ ನನ್ನ ಹತ್ತು ಪುಟಕ್ಕೆ ಒಂದು ರಾತ್ರಿ ಸಾಲದೆ?’ ಎಂದು ವಾದಿಸಬಹುದು. ಆದರೆ ಪಂಪನು ಹೇಳಿದ್ದು ಬರೆದ ಕಾಲವನ್ನು. ಜಿನಸೇನರ ಪುರಾಣವನ್ನೂ ವ್ಯಾಸರ ಭಾರತವನ್ನೂ ಓದಿ, ಮನನ ಮಾಡಿ, ತನ್ನದಾಗಿಸಿಕೊಂಡ ವರ್ಷಗಳು ಆ ತಿಂಗಳುಗಳ ಹಿಂದೆ ಇದ್ದೇ ಇರಬೇಕು. ಲೇಖನಿಯ ವೇಗವೆಲ್ಲ ಮೊದಲೇ ಪಟ್ಟ ಶ್ರಮದ ಬಡ್ಡಿ. ಅಸಲೇ ಇಲ್ಲದವನಿಗೆ ಬಡ್ಡಿ ಎಲ್ಲಿಂದ ಬರಬೇಕು?

ಆದುದರಿಂದ ವಿದ್ಯಾರ್ಥಿಗೆ ಕೊನೆಯ ದಿನಕ್ಕಿಂತ ಮೊದಲನೆಯ ದಿನವೇ ಮುಖ್ಯ. ಪ್ರಶ್ನೆ ಕೈಗೆ ಬಂದ ಸಂಜೆಯೇ ಅದನ್ನು ತನ್ನ ಮಾತಿನಲ್ಲಿ ಬರೆದುಕೊಂಡು, ತನಗೀಗಾಗಲೇ ತಿಳಿದಿರುವುದೇನು, ತಿಳಿಯದಿರುವುದೇನು ಎಂದು ಅರ್ಧ ಪುಟ ಗೀಚಲಿ. ಕಾಲು ಗಂಟೆಯ ಕೆಲಸ. ಆದರೆ ಅದು ಮುಗಿದೊಡನೆ, ಹೊರಗೆ ನಿಂತಿದ್ದ ಭೂತವು ಒಳಗೆ ಬಂದು ಅತಿಥಿಯಾಗಿ ಕುಳಿತುಬಿಡುತ್ತದೆ. ಬಳಿಕ ಮೂರು ನಾಲ್ಕು ದಿನ ಗ್ರಂಥಾಲಯ. ಓದಿದ ಪುಸ್ತಕದ ಹೆಸರನ್ನೂ ಪುಟಸಂಖ್ಯೆಯನ್ನೂ ಆಗಲೇ ಗುರುತಿಸಿಟ್ಟುಕೊಂಡರೆ ಕೊನೆಯಲ್ಲಿ ಹುಡುಕಾಟವಿಲ್ಲ. ಒಂದು ವಾರದೊಳಗೆ ಕಚ್ಚಾ ಪ್ರತಿಯೊಂದು, ಎಷ್ಟೇ ಒರಟಾಗಿದ್ದರೂ, ಸಿದ್ಧವಾಗಬೇಕು. ಅರ್ಥವಾಗದ ಭಾಗವನ್ನು ಅಧ್ಯಾಪಕರಲ್ಲಿ ಕೇಳುವುದಕ್ಕೆ ಆಗ ಇನ್ನೂ ಸಮಯವಿರುತ್ತದೆ; ಕೇಳಲು ಬಂದವನ ಮುಖದಲ್ಲಿ ಕಳವಳವೂ ಇರುವುದಿಲ್ಲ. ಒಂದು ದಿನ ಅದನ್ನು ಮುಟ್ಟದೆ ಬಿಟ್ಟು, ಮರುದಿನ ಪರರ ಬರವಣಿಗೆಯನ್ನು ಓದುವಂತೆ ಓದಿ ತಿದ್ದಬೇಕು. ಬರೆದುದನ್ನು ಅಳಿಸದಿರುವುದು ತನ್ನ ಹೆಚ್ಚಳವೆಂದು ಕುಮಾರವ್ಯಾಸ ಹೇಳಿಕೊಂಡನು. ಅವನಿಗೆ ಅದು ಸಲ್ಲುತ್ತದೆ. ಉಳಿದ ನಮಗೆಲ್ಲ ಅಳಿಸುವುದೇ ಬರೆಯುವುದರ ಅರ್ಧ ಭಾಗ. ಶುದ್ಧ ಪ್ರತಿ ಎರಡು ದಿನ ಮುಂಚೆಯೇ ಮುಗಿಯಲಿ. ವಿದ್ಯುತ್ತು ಹೋಗುವುದೂ, ಜೆರಾಕ್ಸ್ ಅಂಗಡಿಯ ಯಂತ್ರ ಕೆಡುವುದೂ, ಮನೆಯಲ್ಲಿ ಯಾರಿಗೋ ಜ್ವರ ಬರುವುದೂ ಆ ಎರಡು ದಿನಗಳಿಗಾಗಿಯೇ ಕಾದಿರುತ್ತವೆ.

ಹೊಣೆಯನ್ನೆಲ್ಲ ವಿದ್ಯಾರ್ಥಿಯ ತಲೆಯ ಮೇಲೆ ಹೊರಿಸುವುದು ಮಾತ್ರ ನ್ಯಾಯವಲ್ಲ. ಏರಿಯಲಿ ಮತ್ತು ವರ್ಟನ್‌ಬ್ರಾಕ್ ಎಂಬ ವಿದ್ವಾಂಸರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮೂರು ಬರಹಗಳ ತಪ್ಪು ತಿದ್ದುವ ಕೆಲಸವನ್ನು ಮೂರು ಗುಂಪುಗಳಿಗೆ ಕೊಟ್ಟರು. ವಾರಕ್ಕೊಂದರಂತೆ ಒಪ್ಪಿಸಬೇಕೆಂಬ ಕಟ್ಟಳೆ ಒಂದು ಗುಂಪಿಗೆ. ಮೂರು ವಾರಗಳ ಕೊನೆಗೆ ಎಲ್ಲವನ್ನೂ ಒಪ್ಪಿಸುವ ಸ್ವಾತಂತ್ರ್ಯ ಇನ್ನೊಂದಕ್ಕೆ. ಗಡುವನ್ನು ತಾವೇ ಗೊತ್ತುಮಾಡಿಕೊಳ್ಳುವ ಹಕ್ಕು ಮತ್ತೊಂದಕ್ಕೆ. ಹೆಚ್ಚು ತಪ್ಪುಗಳನ್ನು ಕಂಡುಹಿಡಿದವರು ವಾರವಾರದ ಗುಂಪಿನವರು. ಕಡೆಯ ಸ್ಥಾನ ಕೊನೆಗೊಂದೇ ಗಡುವಿದ್ದವರಿಗೆ. ತಾವೇ ಗಡುವಿಟ್ಟುಕೊಂಡವರು ನಡುವೆ ನಿಂತರು. ಇದು ಅಧ್ಯಾಪಕರಿಗೂ ಪಾಠ. ಒಂದೇ ಕೊನೆಯ ದಿನವನ್ನು ಕರಿಹಲಗೆಯ ಮೇಲೆ ಬರೆದು ಸುಮ್ಮನಾಗುವ ಬದಲು, ಮೊದಲ ವಾರ ಟಿಪ್ಪಣಿ, ಎರಡನೆಯ ವಾರ ಕಚ್ಚಾ ಪ್ರತಿ, ಮೂರನೆಯ ವಾರ ಶುದ್ಧ ಪ್ರತಿ ಎಂದು ಕೇಳಬಹುದು. ಐದು ವಿಷಯಗಳ ಅಧ್ಯಾಪಕರು ಒಮ್ಮೆ ಕುಳಿತು ಮಾತನಾಡಿಕೊಂಡರೆ ಐದು ಗಡುವುಗಳೂ ಒಂದೇ ಸೋಮವಾರ ಬಂದೆರಗುವುದು ತಪ್ಪುತ್ತದೆ. ಹಳ್ಳಿಯಿಂದ ಮುಂಜಾನೆಯ ಬಸ್ಸಿಗೆ ಬಂದು, ಸಂಜೆ ಅಂಗಡಿಯಲ್ಲಿ ದುಡಿದು, ಮನೆತನದಲ್ಲಿಯೇ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲೇರಿದ ಹುಡುಗನಿಗೆ ಆ ಒಂದು ಸೋಮವಾರ ಬಹಳ ಭಾರವಾದೀತು. ಅವನು ನಕಲು ಮಾಡುವುದು ಅನೇಕ ವೇಳೆ ಕಪಟದಿಂದಲ್ಲ, ದಣಿವಿನಿಂದ.

ಕಾರಣ ದಣಿವಾದರೂ ನಷ್ಟ ಅವನದೇ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ಕೃತಿಚೌರ್ಯದ ನಿಯಮಗಳ ಪ್ರಕಾರ, ಮಹಾಪ್ರಬಂಧದಲ್ಲಿ ಶೇಕಡ 60ಕ್ಕೂ ಮೀರಿದ ಸಾಮ್ಯ ಕಂಡುಬಂದರೆ ಅಭ್ಯರ್ಥಿಯ ನೋಂದಣಿಯೇ ರದ್ದಾಗುತ್ತದೆ. ಶೇಕಡ 10ರವರೆಗಿನ ಸಾಮ್ಯಕ್ಕೆ ಮಾತ್ರ ದಂಡನೆಯಿಲ್ಲ. ಪದವಿ ತರಗತಿಯಲ್ಲಿ ಹುಡುಗಾಟವೆನಿಸಿದ ಅಭ್ಯಾಸವೇ ಸಂಶೋಧನೆಯ ಹೊತ್ತಿಗೆ ಅಪರಾಧವಾಗುತ್ತದೆ. ಆದರೆ ಶಿಕ್ಷೆಯ ಮಾತು ಇಲ್ಲಿ ಗೌಣ. ಗಾದೆಗಳನ್ನು ಕುರಿತು ಬರೆಯೆಂದರೆ ಒಬ್ಬ ವಿದ್ಯಾರ್ಥಿ ಅಚ್ಚಾದ ಪುಸ್ತಕದಿಂದ ಐವತ್ತನ್ನು ಇಳಿಸಿಕೊಂಡು ಬರಬಹುದು. ಇನ್ನೊಬ್ಬಳು ಎಂಟು ದಿನ ಅಜ್ಜಿಯ ಪಕ್ಕದಲ್ಲಿ ಕುಳಿತು ಐದನ್ನೇ ಕೇಳಿ ಬರೆದುಕೊಂಡು, ಅಜ್ಜಿ ಅವನ್ನು ಯಾವ ಹೊತ್ತಿನಲ್ಲಿ ಯಾರಿಗೆ ಹೇಳುತ್ತಾಳೆಂಬುದನ್ನೂ ತರಬಹುದು. ಆ ಐದು ಗಾದೆಗಳಿಂದ ಕಲಿಯುವವನು ಅಧ್ಯಾಪಕ. ಅಂಥ ಬರಹ ಒಂದು ರಾತ್ರಿಯಲ್ಲಿ ಹುಟ್ಟುವುದಿಲ್ಲ. ಅಜ್ಜಿಗೆ ನಮ್ಮ ಗಡುವು ತಿಳಿಯದು.

ಅವಸರದಲ್ಲಿ ಮೊದಲು ಕೈಬಿಟ್ಟು ಹೋಗುವುದು ನಮ್ಮ ಸ್ವಂತ ಮಾತು. ಕೈಗೆ ಸಿಕ್ಕುವುದು ಇತರರ ಮಾತು. ಸ್ವಂತ ವಾಕ್ಯವೊಂದನ್ನು ಕಟ್ಟುವುದಕ್ಕೆ ಬೇಕಾದ ಬಿಡುವನ್ನು ಗಳಿಸಿಕೊಡುತ್ತದೆ ಎಂಬುದಕ್ಕಾಗಿಯೇ ಕಾಲಪಾಲನೆ ಒಂದು ಗುಣ. ಹದಿನೈದು ದಿನಗಳ ಗಡುವಿನಲ್ಲಿ ಮೊದಲನೆಯ ಸಂಜೆಯ ಕಾಲು ಗಂಟೆಯನ್ನು ಕೊಡಬಲ್ಲವನಿಗೆ ಹದಿನಾಲ್ಕನೆಯ ರಾತ್ರಿ ನೆಮ್ಮದಿಯ ನಿದ್ರೆ ಬರುವುದರಲ್ಲಿ ಸಂಶಯವಿಲ್ಲ.