ಇನ್ಫೋಸಿಸ್ ಸಂಸ್ಥೆಯ ಕಾರ್ಯವ್ಯವಸ್ಥೆ ಮತ್ತು ಉದ್ಯೋಗಿ ಜೀವನ

ಇನ್ಫೋಸಿಸ್ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪ್ರಧಾನ ಕಛೇರಿಯನ್ನು ಹೊಂದಿರುವ ಬಹುರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾಗಿದೆ. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಇಂಜಿನಿಯರುಗಳಿಂದ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ಈಗ 3 ಲಕ್ಷಕ್ಕೂ ಹೆಚ್ಚು ಉದ್ಯೋಗಿಗಳಿದ್ದಾರೆ. ಸಂಸ್ಥೆಯ ಹೆಸರು ಕರ್ನಾಟಕದಲ್ಲಿ ಮನೆಮಾತಾಗಿದ್ದರೂ, ಅದು ಏನನ್ನು ಮಾರುತ್ತದೆ, ಅದರ ಆದಾಯ ಎಲ್ಲಿಂದ ಬರುತ್ತದೆ, ಒಳಗೆ ಸೇರಿದ ಯುವಕ ಯುವತಿಯರ ದಿನಚರಿ ಹೇಗಿರುತ್ತದೆ ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ತಿಳಿದವರು ವಿರಳ. ಮಕ್ಕಳನ್ನು ಅಲ್ಲಿಗೆ ಸೇರಿಸಬೇಕೆಂದು ಹಂಬಲಿಸುವ ಪೋಷಕರಲ್ಲಿಯೂ ಈ ಅರಿವು ಕಡಿಮೆ. ಈ ಲೇಖನವು ಮುಖ್ಯವಾಗಿ ಆ ಒಳವ್ಯವಸ್ಥೆಯನ್ನು ವಿವರಿಸುತ್ತದೆ.

ಹಿನ್ನೆಲೆ

ಶಿಡ್ಲಘಟ್ಟದಲ್ಲಿ ಜನಿಸಿ, ಮೈಸೂರಿನಲ್ಲಿಯೂ ಕಾನ್ಪುರದ ಐಐಟಿಯಲ್ಲಿಯೂ ಶಿಕ್ಷಣ ಪಡೆದ ಎನ್. ಆರ್. ನಾರಾಯಣಮೂರ್ತಿ ಅವರು ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಸಂಸ್ಥೆಯಲ್ಲಿದ್ದಾಗ ಅಲ್ಲಿನ ಸಹೋದ್ಯೋಗಿಗಳೊಂದಿಗೆ ಸೇರಿ ಈ ಉದ್ಯಮವನ್ನು ಆರಂಭಿಸಿದರು. ನಂದನ್ ನಿಲೇಕಣಿ, ಎಸ್. ಗೋಪಾಲಕೃಷ್ಣನ್, ಎಸ್. ಡಿ. ಶಿಬುಲಾಲ್, ಕೆ. ದಿನೇಶ್, ಎನ್. ಎಸ್. ರಾಘವನ್ ಮತ್ತು ಅಶೋಕ್ ಅರೋರಾ ಇತರ ಸ್ಥಾಪಕರು. ಆರಂಭದ ಬಂಡವಾಳವಾದ 10,000 ರೂಪಾಯಿಗಳನ್ನು ಸುಧಾ ಮೂರ್ತಿ ಅವರು ತಮ್ಮ ಉಳಿತಾಯದಿಂದ ಕೊಟ್ಟ ಸಂಗತಿ ಎಲ್ಲರಿಗೂ ತಿಳಿದದ್ದೇ.

1983ರಲ್ಲಿ ಸಂಸ್ಥೆಯು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಆಗ ವಿದೇಶದಿಂದ ಒಂದು ಗಣಕಯಂತ್ರವನ್ನು ತರಿಸಿಕೊಳ್ಳಲು ದೆಹಲಿಯ ಸರ್ಕಾರಿ ಕಛೇರಿಗಳಿಗೆ ಹಲವಾರು ಬಾರಿ ಅಲೆಯಬೇಕಿತ್ತು. ದೂರವಾಣಿ ಸಂಪರ್ಕಕ್ಕೂ ತಿಂಗಳುಗಟ್ಟಲೆ ಕಾಯಬೇಕಿತ್ತು. ಗಣಕಯಂತ್ರವೂ ದೂರವಾಣಿಯೂ ದುರ್ಲಭವಾಗಿದ್ದ ದೇಶದಿಂದ ತಂತ್ರಾಂಶವನ್ನು ರಫ್ತು ಮಾಡುವುದು ಹೇಗೆ? ಆ ಕಾಲದ ಏಕೈಕ ಮಾರ್ಗವೆಂದರೆ ಇಂಜಿನಿಯರನ್ನೇ ವಿಮಾನ ಹತ್ತಿಸಿ ಅಮೆರಿಕದ ಗ್ರಾಹಕನ ಕಛೇರಿಗೆ ಕಳುಹಿಸುವುದಾಗಿತ್ತು. ಮೊದಲ ಹತ್ತು ವರ್ಷಗಳ ವ್ಯವಹಾರವು ಬಹುಪಾಲು ಹೀಗೆಯೇ ನಡೆಯಿತು.

1989ರಲ್ಲಿ ಅಶೋಕ್ ಅರೋರಾ ಅವರು ಸಂಸ್ಥೆಯನ್ನು ತೊರೆದರು. ಮರುವರ್ಷ ಸಂಸ್ಥೆಯನ್ನು ಸುಮಾರು 10 ಲಕ್ಷ ಡಾಲರುಗಳಿಗೆ ಕೊಂಡುಕೊಳ್ಳುವ ಪ್ರಸ್ತಾಪವೊಂದು ಬಂದಾಗ, ಉಳಿದ ಸ್ಥಾಪಕರಲ್ಲಿ ಮಾರಿಬಿಡುವ ಯೋಚನೆಯೂ ಮೂಡಿತ್ತು. ಬೇಡವಾದವರ ಪಾಲನ್ನು ತಾವೇ ಕೊಳ್ಳುವುದಾಗಿ ನಾರಾಯಣಮೂರ್ತಿ ಅವರು ಹೇಳಿದ ಮೇಲೆ ಎಲ್ಲರೂ ಉಳಿದುಕೊಂಡರು. ಅವರ ಕೈಯಲ್ಲಿ ಆಗ ಅಷ್ಟು ಹಣವಿರಲಿಲ್ಲವೆಂಬುದನ್ನು ಅವರೇ ಭಾಷಣಗಳಲ್ಲಿ ಹೇಳಿಕೊಂಡಿದ್ದಾರೆ.

1991ರ ಆರ್ಥಿಕ ಸುಧಾರಣೆಗಳು, ತಂತ್ರಾಂಶ ತಂತ್ರಜ್ಞಾನ ಪಾರ್ಕುಗಳ ಸ್ಥಾಪನೆ ಮತ್ತು ಉಪಗ್ರಹ ಸಂಪರ್ಕ ಸುಲಭವಾದದ್ದು ಪರಿಸ್ಥಿತಿಯನ್ನು ಬದಲಿಸಿದವು. 1993ರಲ್ಲಿ ಸಂಸ್ಥೆಯು 95 ರೂಪಾಯಿ ದರದಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ನೀಡಿದಾಗ ಕೊಳ್ಳಲು ಸಾಕಷ್ಟು ಜನ ಮುಂದೆ ಬರಲಿಲ್ಲ. ಉಳಿದದ್ದನ್ನು ಮಾರ್ಗನ್ ಸ್ಟಾನ್ಲಿ ಸಂಸ್ಥೆಯು ಕೊಂಡಿತು. 1999ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಸ್ಡಾಕ್ ಷೇರುಪೇಟೆಯಲ್ಲಿ ನೋಂದಾಯಿತವಾದ ಭಾರತದ ಮೊದಲ ಕಂಪನಿ ಎನಿಸಿಕೊಂಡಿತು. 1994ರಿಂದ ಉದ್ಯೋಗಿಗಳಿಗೂ ಷೇರು ಹಂಚುವ ಯೋಜನೆ ಜಾರಿಯಲ್ಲಿದ್ದುದರಿಂದ, ಸಂಬಳವನ್ನೇ ನಂಬಿದ್ದ ಅನೇಕ ಮಧ್ಯಮವರ್ಗದ ಕುಟುಂಬಗಳು ಆ ದಶಕದ ಕೊನೆಗೆ ಶ್ರೀಮಂತವಾದವು. ಇಂದಿಗೂ ಹಿರಿಯರ ಮನಸ್ಸಿನಲ್ಲಿರುವ ಇನ್ಫೋಸಿಸ್ ಆ ಕಾಲದ್ದು. ಈಗ ಸೇರುವವರು ಕಾಣುವ ಇನ್ಫೋಸಿಸ್ ಬೇರೆ.

ವ್ಯವಹಾರದ ಸ್ವರೂಪ

ಇನ್ಫೋಸಿಸ್ ಅಂಗಡಿಯಲ್ಲಿ ಸಿಗುವ ವಸ್ತುವನ್ನು ತಯಾರಿಸುವುದಿಲ್ಲ. ಬ್ಯಾಂಕುಗಳು ಬಳಸುವ ಫಿನಾಕಲ್ ಎಂಬ ತಂತ್ರಾಂಶ ಅದರ ಪ್ರಸಿದ್ಧ ಉತ್ಪನ್ನವಾದರೂ, ಆದಾಯದ ಬಹುಭಾಗ ಬರುವುದು ಸೇವೆಗಳಿಂದ. ಅಮೆರಿಕದ ಒಂದು ಬ್ಯಾಂಕಿನ ಹಳೆಯ ಲೆಕ್ಕವ್ಯವಸ್ಥೆಯನ್ನು ಹೊಸದಾಗಿ ಬರೆಯುವುದು, ಯುರೋಪಿನ ಒಂದು ಕಾರ್ಖಾನೆಯ ದಾಸ್ತಾನು ತಂತ್ರಾಂಶವನ್ನು ದಿನವಿಡೀ ನೋಡಿಕೊಳ್ಳುವುದು, ಹೊಸ ತಂತ್ರಾಂಶದಲ್ಲಿ ದೋಷಗಳಿವೆಯೇ ಎಂದು ಪರೀಕ್ಷಿಸುವುದು ಇಂತಹ ಕೆಲಸಗಳು. ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಉತ್ತರ ಅಮೆರಿಕದಿಂದ ಬರುತ್ತದೆ. ಭಾರತದ ಪಾಲು ಬಹಳ ಸಣ್ಣದು.

ಈ ವ್ಯವಹಾರದ ತಿರುಳನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಕೆಲಸಕ್ಕೆ ಹತ್ತು ಮಂದಿ ಬೇಕೆಂದು ಇಟ್ಟುಕೊಳ್ಳೋಣ. ಗ್ರಾಹಕನು ತನ್ನ ದೇಶದಲ್ಲಿಯೇ ಅವರನ್ನು ನೇಮಿಸಿಕೊಂಡರೆ ಒಬ್ಬರಿಗೆ ಗಂಟೆಗೆ 100 ಡಾಲರಿನಂತೆ 1000 ಡಾಲರು ಖರ್ಚು. ಅದರ ಬದಲು ಇಬ್ಬರು ಗ್ರಾಹಕನ ಊರಿನಲ್ಲಿದ್ದು ಗಂಟೆಗೆ 80 ಡಾಲರು ಪಡೆದರೆ, ಉಳಿದ ಎಂಟು ಮಂದಿ ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಕುಳಿತು 30 ಡಾಲರಿನ ದರದಲ್ಲಿ ದುಡಿದರೆ, ಒಟ್ಟು ವೆಚ್ಚ 400 ಡಾಲರಿಗೆ ಇಳಿಯುತ್ತದೆ. ಗ್ರಾಹಕನಿಗೆ ಉಳಿತಾಯ, ಸಂಸ್ಥೆಗೆ ಲಾಭ. ಸಮಯದ ವ್ಯತ್ಯಾಸದಿಂದಲೂ ಪ್ರಯೋಜನವಿದೆ: ಅಮೆರಿಕದವರು ಸಂಜೆ ಹೇಳಿಹೋದ ಕೆಲಸ ಅವರು ಬೆಳಗ್ಗೆ ಬರುವಷ್ಟರಲ್ಲಿ ಇಲ್ಲಿ ಮುಗಿದಿರುತ್ತದೆ. ಇದಕ್ಕೆ ಸಂಸ್ಥೆಯು ಜಾಗತಿಕ ವಿತರಣಾ ಮಾದರಿ ಎಂಬ ಹೆಸರನ್ನು ಕೊಟ್ಟಿತು. ಇಂದು ಟಿಸಿಎಸ್, ವಿಪ್ರೋ, ಎಚ್‌ಸಿಎಲ್ ಮೊದಲಾದ ಎಲ್ಲ ಭಾರತೀಯ ಸೇವಾಸಂಸ್ಥೆಗಳೂ ಇದೇ ಬಗೆಯಲ್ಲಿ ನಡೆಯುತ್ತಿವೆ.

ಗ್ರಾಹಕನಿಗೆ ಬಿಲ್ ಮಾಡಲಾಗುತ್ತಿರುವ ಉದ್ಯೋಗಿಗಳ ಪ್ರಮಾಣವನ್ನು ಬಳಕೆಯ ಪ್ರಮಾಣ ಎನ್ನುತ್ತಾರೆ. ತರಬೇತಿಯಲ್ಲಿರುವವರನ್ನು ಬಿಟ್ಟರೆ ಇದು ಸಾಮಾನ್ಯವಾಗಿ ಶೇಕಡ 80ರಿಂದ 85ರ ಸುತ್ತ ಇರುತ್ತದೆ. ಕೆಲಸ ಮುಗಿದು ಮುಂದಿನ ಪ್ರಾಜೆಕ್ಟಿಗಾಗಿ ಕಾಯುತ್ತಿರುವವರು ಬೆಂಚಿನ ಮೇಲಿದ್ದಾರೆ ಎಂಬುದು ರೂಢಿಯ ಮಾತು. ಬೆಂಚಿನಲ್ಲಿರುವವರಿಗೂ ಸಂಬಳ ಬರುತ್ತದೆ, ಆದರೆ ಅವರಿಂದ ಸಂಸ್ಥೆಗೆ ಆದಾಯವಿಲ್ಲ. ಆದ್ದರಿಂದ ಬೆಂಚು ದೊಡ್ಡದಾದಷ್ಟೂ ಲಾಭ ಕರಗುತ್ತದೆ. ತೀರ ಚಿಕ್ಕದಾದರೆ ಹೊಸ ಗ್ರಾಹಕ ಬಂದಾಗ ಕಳುಹಿಸಲು ಜನವಿರುವುದಿಲ್ಲ. ಕೆಲವು ವಾರಗಳ ಬಿಡುವು ಮೊದಲಿಗೆ ಹಿತವೆನಿಸಿದರೂ, ತಿಂಗಳುಗಳು ಕಳೆದಂತೆ ಅದೇ ಆತಂಕಕ್ಕೆ ಕಾರಣವಾಗುತ್ತದೆ.

ಇನ್ನೊಂದು ಆಧಾರ ಪಿರಮಿಡ್ಡಿನ ರಚನೆ. ಕೆಳಗೆ ಕಡಿಮೆ ಸಂಬಳದ ಸಾವಿರಾರು ಹೊಸಬರು, ಮಧ್ಯೆ ತಂಡದ ಮುಖ್ಯಸ್ಥರು, ಮೇಲೆ ಕೆಲವೇ ವ್ಯವಸ್ಥಾಪಕರು. ಪ್ರತಿವರ್ಷ ತಳಕ್ಕೆ ಹೊಸಬರು ಸೇರುತ್ತಿದ್ದರೆ ಮಾತ್ರ ಸರಾಸರಿ ಸಂಬಳದ ವೆಚ್ಚ ಹಿಡಿತದಲ್ಲಿರುತ್ತದೆ. ಕಾಲೇಜು ಆವರಣದ ಸಂದರ್ಶನಗಳಿಂದ ಒಂದೇ ವರ್ಷದಲ್ಲಿ ಹತ್ತಾರು ಸಾವಿರ ಪದವೀಧರರನ್ನು ಆರಿಸಿಕೊಳ್ಳುವುದರ ಹಿಂದಿನ ಕಾರಣ ಇದೇ.

ಮೈಸೂರಿನ ತರಬೇತಿ ಕೇಂದ್ರ

ಹೊಸಬರ ಮೊದಲ ನಿಲ್ದಾಣ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಜಾಗತಿಕ ಶಿಕ್ಷಣ ಕೇಂದ್ರ. ಮುನ್ನೂರಕ್ಕೂ ಹೆಚ್ಚು ಎಕರೆಗಳ ಆವರಣದಲ್ಲಿ ತರಗತಿಗಳು, ಗ್ರಂಥಾಲಯ, ವಸತಿಗೃಹಗಳು, ಆಟದ ಮೈದಾನಗಳು, ಗೋಳಾಕಾರದ ಚಿತ್ರಮಂದಿರ ಇವೆ. ಗ್ರೀಕ್ ಮತ್ತು ರೋಮನ್ ಶೈಲಿಯ ಕಂಬಗಳಿಂದ ಕೂಡಿದ ಎರಡನೆಯ ಶಿಕ್ಷಣ ಕಟ್ಟಡವು 2009ರಲ್ಲಿ ಉದ್ಘಾಟನೆಗೊಂಡಿತು. 2024ರ ಡಿಸೆಂಬರ್ 31ರಂದು ಈ ಆವರಣದಲ್ಲಿ ಚಿರತೆಯೊಂದು ಕಾಣಿಸಿಕೊಂಡು ತರಬೇತಿಯೇ ಕೆಲಕಾಲ ಸ್ಥಗಿತವಾಗಿತ್ತು.

ತರಬೇತಿಯು ಕೆಲವು ತಿಂಗಳುಗಳ ಅವಧಿಯದು. ಯಂತ್ರಶಾಸ್ತ್ರ ಓದಿದವರೂ ಸಿವಿಲ್ ಓದಿದವರೂ ಇಲ್ಲಿ ಪ್ರೋಗ್ರಾಮಿಂಗ್, ದತ್ತಾಂಶ ಸಂಗ್ರಹಣೆ ಮೊದಲಾದವನ್ನು ಮೂಲದಿಂದ ಕಲಿಯುತ್ತಾರೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ವಿದ್ಯಾರ್ಥಿಗೂ ಮಹಾನಗರದ ವಿದ್ಯಾರ್ಥಿಗೂ ಒಂದೇ ಪಾಠ, ಒಂದೇ ಪರೀಕ್ಷೆ. ಪಾಠ ಮಾಡಿದವರ ಕಣ್ಣಿನಿಂದ ನೋಡಿದರೆ ಇದು ದೇಶದ ಇಂಜಿನಿಯರಿಂಗ್ ಕಾಲೇಜುಗಳು ಮಾಡದೆ ಬಿಟ್ಟ ಕೆಲಸವನ್ನು ಕಂಪನಿಯೊಂದು ತನ್ನ ಖರ್ಚಿನಲ್ಲಿ ಮಾಡಿಸುತ್ತಿರುವ ವ್ಯವಸ್ಥೆ. ಆದರೆ ಶಾಲೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ಇಲ್ಲಿ ಅನುತ್ತೀರ್ಣರಾದವರು ಕೆಲಸವನ್ನೇ ಕಳೆದುಕೊಳ್ಳುತ್ತಾರೆ.

2025ರ ಫೆಬ್ರವರಿಯಲ್ಲಿ ಈ ವಿಷಯ ದೇಶದ ಗಮನ ಸೆಳೆಯಿತು. ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶಗಳ ನಂತರವೂ ಉತ್ತೀರ್ಣರಾಗದ ಮುನ್ನೂರಕ್ಕೂ ಹೆಚ್ಚು ತರಬೇತಿ ನೌಕರರನ್ನು ಸಂಸ್ಥೆಯು ಬಿಡುಗಡೆ ಮಾಡಿತು. ಅವರಲ್ಲಿ ಅನೇಕರು 2022ರಲ್ಲಿ ನೇಮಕಾತಿ ಪತ್ರ ಪಡೆದು, ಸುಮಾರು ಎರಡು ವರ್ಷ ಕಾದು, 2024ರಲ್ಲಷ್ಟೇ ಸೇರ್ಪಡೆಯಾಗಿದ್ದವರು. ನಿಯಮ ಮೊದಲೇ ತಿಳಿಸಲಾಗಿತ್ತು, ಒಪ್ಪಂದದಲ್ಲಿಯೂ ಇತ್ತು ಎಂಬುದು ಸಂಸ್ಥೆಯ ನಿಲುವು. ಪರೀಕ್ಷೆಯ ಮಟ್ಟವನ್ನು ಕಠಿಣಗೊಳಿಸಲಾಯಿತು, ಆವರಣದಿಂದ ಅವಸರದಲ್ಲಿ ಹೊರಕಳುಹಿಸಲಾಯಿತು ಎಂಬುದು ಹೊರಬಿದ್ದವರ ದೂರು. ಕಾರ್ಮಿಕ ಇಲಾಖೆಯ ಅಧಿಕಾರಿಗಳು ಆವರಣಕ್ಕೆ ಭೇಟಿ ನೀಡಿ ವಿಚಾರಣೆ ನಡೆಸಿದರು. ಪರೀಕ್ಷೆ ಇರಬಾರದೆಂದು ಯಾರೂ ಹೇಳಲಾರರು. ಎರಡು ವರ್ಷ ಕಾಯಿಸಿದ ಮೇಲೆ ಕೆಲವೇ ತಿಂಗಳಲ್ಲಿ ಕೈಬಿಟ್ಟರೆ ಆ ಯುವಜನರು ಬೇರೆಡೆ ಕಳೆದುಕೊಂಡ ಅವಕಾಶಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ದೈನಂದಿನ ಜೀವನ

ತರಬೇತಿ ಮುಗಿಸಿದವರು ಸಿಸ್ಟಮ್ ಇಂಜಿನಿಯರ್ ಎಂಬ ಹುದ್ದೆಯಿಂದ ಆರಂಭಿಸಿ, ಸೀನಿಯರ್ ಸಿಸ್ಟಮ್ ಇಂಜಿನಿಯರ್, ಟೆಕ್ನಾಲಜಿ ಅನಲಿಸ್ಟ್, ಟೆಕ್ನಾಲಜಿ ಲೀಡ್ ಎಂಬ ಮೆಟ್ಟಿಲುಗಳನ್ನು ಏರುತ್ತಾರೆ. ಕೆಲಸವೆಲ್ಲ ಹೊಸದಾಗಿ ಕೋಡ್ ಬರೆಯುವುದೇ ಎಂದು ಹೊರಗಿನವರು ಭಾವಿಸುವುದುಂಟು. ವಾಸ್ತವದಲ್ಲಿ ಹೆಚ್ಚಿನವರ ಸಮಯ ಇತರರು ಬರೆದದ್ದನ್ನು ಓದುವುದರಲ್ಲಿ, ದೋಷ ಹುಡುಕುವುದರಲ್ಲಿ, ಗ್ರಾಹಕನ ದೂರುಗಳಿಗೆ ಉತ್ತರಿಸುವುದರಲ್ಲಿ ಮತ್ತು ಸಭೆಗಳಲ್ಲಿ ಕಳೆಯುತ್ತದೆ. ಅಮೆರಿಕದ ಗ್ರಾಹಕರೊಡನೆ ಮಾತುಕತೆ ನಡೆಯುವುದು ಇಲ್ಲಿನ ಸಂಜೆ ಅಥವಾ ರಾತ್ರಿ. ಹಾಗಾಗಿ ಕಛೇರಿಯ ಗಡಿಯಾರ ಒಂದು, ಮನೆಯ ಗಡಿಯಾರ ಇನ್ನೊಂದು.

ಬೆಂಗಳೂರಿನ ಉದ್ಯೋಗಿಗಳಿಗೆ ಕೆಲಸಕ್ಕಿಂತ ದಾರಿಯೇ ಹೆಚ್ಚು ದಣಿವು ತರುತ್ತಿತ್ತು. ಹೊಸೂರು ರಸ್ತೆಯ ಸುಮಾರು 10 ಕಿಲೋಮೀಟರ್ ಉದ್ದದ ಎತ್ತರಿಸಿದ ರಸ್ತೆ 2010ರಲ್ಲಿ ತೆರೆಯಿತಾದರೂ ಸಿಲ್ಕ್ ಬೋರ್ಡ್ ವೃತ್ತದ ದಟ್ಟಣೆ ಕರಗಲಿಲ್ಲ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಆರಂಭವಾಗಿದೆ. ಕೋನಪ್ಪನ ಅಗ್ರಹಾರ ನಿಲ್ದಾಣವು ಇನ್ಫೋಸಿಸ್ ಪ್ರತಿಷ್ಠಾನದ ಹೆಸರನ್ನು ಹೊತ್ತಿದೆ. 2020ರ ಕೊರೋನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುವ ರೂಢಿ ಬಂದಿತು. ಅದರ ನಂತರ ತಿಂಗಳಿಗೆ ಕನಿಷ್ಠ 10 ದಿನವಾದರೂ ಕಛೇರಿಗೆ ಬರಬೇಕೆಂಬ ನಿಯಮ ಜಾರಿಗೆ ಬಂದಿದೆ.

ದುಡಿಮೆಯ ಅವಧಿಯ ಕುರಿತು ದೊಡ್ಡ ಚರ್ಚೆ ಎದ್ದದ್ದು 2023ರ ಅಕ್ಟೋಬರಿನಲ್ಲಿ. ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ನಾರಾಯಣಮೂರ್ತಿ ಅವರು ಸಂದರ್ಶನವೊಂದರಲ್ಲಿ ಹೇಳಿದರು. ಅವರು ಆಗ ಸಂಸ್ಥೆಯ ಆಡಳಿತದಲ್ಲಿರಲಿಲ್ಲ, ಅದು ಸಂಸ್ಥೆಯ ನಿಯಮವೂ ಅಲ್ಲ. ಸ್ಥಾಪಕನು ತನ್ನ ಉದ್ಯಮಕ್ಕಾಗಿ ದುಡಿಯುವ ಗಂಟೆಗೂ, ಸಂಬಳಕ್ಕಾಗಿ ನೌಕರನು ದುಡಿಯುವ ಗಂಟೆಗೂ ಇರುವ ಅಂತರವನ್ನು ಟೀಕಾಕಾರರು ಎತ್ತಿತೋರಿಸಿದರು. ಹೊಸಬರ ವಾರ್ಷಿಕ ಸಂಬಳ ಒಂದು ದಶಕಕ್ಕೂ ಹೆಚ್ಚು ಕಾಲ ಮೂರರಿಂದ ಮೂರೂವರೆ ಲಕ್ಷ ರೂಪಾಯಿಗಳ ಆಸುಪಾಸಿನಲ್ಲಿಯೇ ನಿಂತಿದ್ದುದು ಆ ಟೀಕೆಗೆ ಬಲ ಕೊಟ್ಟಿತು. ಈ ಅವಧಿಯಲ್ಲಿ ಬೆಂಗಳೂರಿನ ಮನೆಬಾಡಿಗೆ ಎಷ್ಟು ಏರಿತೆಂದು ಹೇಳಬೇಕಾಗಿಲ್ಲ. ವಿಶೇಷ ಕೌಶಲವುಳ್ಳವರಿಗೆ ಪವರ್ ಪ್ರೋಗ್ರಾಮರ್ ಮುಂತಾದ ಹುದ್ದೆಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು ಸಂಬಳವಿದೆ.

ಸಂಬಳ ಸಾಲದೆ ಸಂಸ್ಥೆ ಬದಲಿಸುವವರು ಹೆಚ್ಚು. 2022ರ ಮಧ್ಯಭಾಗದಲ್ಲಿ ವರ್ಷಕ್ಕೆ ಶೇಕಡ 28ರಷ್ಟು ಉದ್ಯೋಗಿಗಳು ಸಂಸ್ಥೆಯನ್ನು ಬಿಟ್ಟುಹೋಗುತ್ತಿದ್ದರು. ಬೇಡಿಕೆ ಕುಸಿದಂತೆ ಈ ಪ್ರಮಾಣವೂ ಅರ್ಧದಷ್ಟಕ್ಕೆ ಇಳಿಯಿತು.

ಆಡಳಿತ ಮತ್ತು ವಿವಾದಗಳು

ಮೂವತ್ತಮೂರು ವರ್ಷಗಳ ಕಾಲ ಸಂಸ್ಥೆಯ ಚುಕ್ಕಾಣಿ ಸ್ಥಾಪಕರ ಕೈಯಲ್ಲಿಯೇ ಇತ್ತು. 2014ರಲ್ಲಿ ವಿಶಾಲ್ ಸಿಕ್ಕಾ ಅವರು ಹೊರಗಿನಿಂದ ಬಂದ ಮೊದಲ ಮುಖ್ಯ ಕಾರ್ಯನಿರ್ವಾಹಕರಾದರು. ಹಿರಿಯ ಅಧಿಕಾರಿಗಳ ವೇತನ ಹಾಗೂ ಪನಾಯ ಎಂಬ ಇಸ್ರೇಲಿ ಸಂಸ್ಥೆಯ ಖರೀದಿಯ ವಿಷಯದಲ್ಲಿ ಆಡಳಿತ ಮಂಡಳಿಗೂ ಸ್ಥಾಪಕರಿಗೂ ಬಹಿರಂಗ ಭಿನ್ನಾಭಿಪ್ರಾಯ ಉಂಟಾಗಿ, 2017ರ ಆಗಸ್ಟಿನಲ್ಲಿ ಸಿಕ್ಕಾ ರಾಜೀನಾಮೆ ನೀಡಿದರು. ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು. 2018ರ ಜನವರಿಯಲ್ಲಿ ಸಲೀಲ್ ಪಾರೇಖ್ ಮುಖ್ಯ ಕಾರ್ಯನಿರ್ವಾಹಕರಾದರು.

ಅಮೆರಿಕಕ್ಕೆ ಉದ್ಯೋಗಿಗಳನ್ನು ಕಳುಹಿಸುವಾಗ ವೀಸಾ ನಿಯಮಗಳನ್ನು ಪಾಲಿಸಿಲ್ಲವೆಂಬ ಆರೋಪದ ಪ್ರಕರಣದಲ್ಲಿ ಸಂಸ್ಥೆಯು 2013ರಲ್ಲಿ 3.4 ಕೋಟಿ ಡಾಲರು ಕೊಟ್ಟು ಅಲ್ಲಿನ ಸರ್ಕಾರದೊಡನೆ ರಾಜಿ ಮಾಡಿಕೊಂಡಿತು; ವ್ಯವಸ್ಥಿತ ವಂಚನೆಯ ಆರೋಪವನ್ನು ಅದು ಒಪ್ಪಲಿಲ್ಲ. ಭಾರತದ ಸಾಮಾನ್ಯ ನಾಗರಿಕರಿಗೆ ಸಂಸ್ಥೆಯ ಕೆಲಸ ನೇರವಾಗಿ ಕಂಡದ್ದು ತೆರಿಗೆ ಜಾಲತಾಣಗಳಲ್ಲಿ. 2021ರ ಜೂನ್‌ನಲ್ಲಿ ಆರಂಭವಾದ ಹೊಸ ಆದಾಯ ತೆರಿಗೆ ಜಾಲತಾಣವು ತಿಂಗಳುಗಟ್ಟಲೆ ತೊಡಕು ಕೊಟ್ಟಿದ್ದರಿಂದ ಹಣಕಾಸು ಸಚಿವರು ಪಾರೇಖ್ ಅವರನ್ನು ಕರೆಸಿ ವಿವರಣೆ ಕೇಳಿದರು.

ಇತ್ತೀಚಿನ ಬದಲಾವಣೆಗಳು

2023–24ರ ಹಣಕಾಸು ವರ್ಷದಲ್ಲಿ ಉದ್ಯೋಗಿಗಳ ಸಂಖ್ಯೆ 3,43,234ರಿಂದ 3,17,240ಕ್ಕೆ ಇಳಿಯಿತು. ಹಿಂದಿನ ವರ್ಷ ಸುಮಾರು 50,000 ಹೊಸ ಪದವೀಧರರನ್ನು ಸೇರಿಸಿಕೊಂಡಿದ್ದ ಸಂಸ್ಥೆಯು ಆ ವರ್ಷ ಸುಮಾರು 12,000 ಮಂದಿಯನ್ನಷ್ಟೇ ತೆಗೆದುಕೊಂಡಿತು. ವಿದೇಶಿ ಗ್ರಾಹಕರು ಖರ್ಚು ಕಡಿಮೆ ಮಾಡಿದ್ದು ಇದಕ್ಕೆ ಮುಖ್ಯ ಕಾರಣ. ಕೃತಕ ಬುದ್ಧಿಮತ್ತೆಯ ಪ್ರಭಾವ ಇನ್ನೊಂದು ಬಗೆಯದು. ಹೊಸಬರು ಮಾಡುತ್ತಿದ್ದ ಸರಳ ಕೋಡ್ ಬರೆವಣಿಗೆ, ಪರೀಕ್ಷೆ ಮತ್ತು ದಾಖಲೀಕರಣವನ್ನೇ ಯಂತ್ರವು ಮೊದಲು ಕಲಿಯುತ್ತಿದೆ. ಗಂಟೆಗಳ ಲೆಕ್ಕದಲ್ಲಿ ಹಣ ಪಡೆಯುವ ವ್ಯವಹಾರದಲ್ಲಿ ಗಂಟೆಗಳೇ ಕಡಿಮೆಯಾದರೆ ದರವನ್ನು ನಿಗದಿಪಡಿಸುವ ಬಗೆಯೂ ಬದಲಾಗಬೇಕಾಗುತ್ತದೆ, ಪಿರಮಿಡ್ಡಿನ ತಳವೂ ಕಿರಿದಾಗಬೇಕಾಗುತ್ತದೆ.

ಉದ್ಯೋಗಿಗಳ ಸಂಘಟನೆಯ ವಿಷಯದಲ್ಲಿ ಕರ್ನಾಟಕದ ಮಾಹಿತಿ ತಂತ್ರಜ್ಞಾನ ಕ್ಷೇತ್ರಕ್ಕೆ ದೀರ್ಘ ಪರಂಪರೆಯಿಲ್ಲ. ಕೈಗಾರಿಕಾ ಉದ್ಯೋಗ ಸ್ಥಾಯೀ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರವು ಈ ಕ್ಷೇತ್ರಕ್ಕೆ ವಿನಾಯಿತಿಯನ್ನು ಕೊಡುತ್ತ, ಅವಧಿ ಮುಗಿದಾಗ ಮುಂದುವರಿಸುತ್ತ ಬಂದಿತ್ತು. 2017ರಲ್ಲಿ ಈ ಕ್ಷೇತ್ರದ ಉದ್ಯೋಗಿಗಳ ಸಂಘವೊಂದು ರಾಜ್ಯದಲ್ಲಿ ನೋಂದಣಿಯಾಯಿತು. ವಿನಾಯಿತಿಯನ್ನು ಹಿಂಪಡೆಯಬೇಕೆಂಬುದು ಅದರ ಬೇಡಿಕೆಗಳಲ್ಲಿ ಒಂದಾಗಿತ್ತು.